ಜೊತೆ ಮೊದಲು, ನೃತ್ಯ ಆಮೇಲೆ: ಬಳ್ಳಾರಿ, ರಾಯಚೂರು, ಕೊಪ್ಪಳದವರು ಬಾಲ್‌ರೂಮ್ ನೃತ್ಯ ಕಲಿಯಲು ಯಾವ ದಾರಿ ಹಿಡಿಯಬೇಕು?

ಬಾಲ್‌ರೂಮ್, ಅಂದರೆ ಇಬ್ಬರು ಜೋಡಿಯಾಗಿ ಆಡುವ ಪಾಶ್ಚಾತ್ಯ ನೃತ್ಯ, ಕಲಿಯುವುದು ಹೇಗೆ ಎಂದು ಈಚಿನ ತಿಂಗಳುಗಳಲ್ಲಿ ಮೂರು ಕಡೆಯಿಂದ ನನಗೆ ಹೆಚ್ಚುಕಡಿಮೆ ಒಂದೇ ಪ್ರಶ್ನೆ ಬಂದಿದೆ. ರಾಯಚೂರಿನ ನಿವೃತ್ತ ದಂಪತಿಗಳು ವಾಲ್ಟ್ಸ್ ಮೊದಲೋ ಸಾಲ್ಸಾ ಮೊದಲೋ ಎಂದು ಕೇಳಿದ್ದಾರೆ. ಕೊಪ್ಪಳದ ಬ್ಯಾಂಕೊಂದರಲ್ಲಿ ಕೆಲಸ ಮಾಡುವ, ನೃತ್ಯಕ್ಕೆ ಜೊತೆಗಾರರಿಲ್ಲದ ಸೋದರಿಯೊಬ್ಬರು ಮೊಬೈಲಿನ ವಿಡಿಯೊಗಳನ್ನು ನಂಬಿಕೊಳ್ಳುವುದೋ, ರಜೆ ಹಾಕಿ ಬೆಂಗಳೂರಿಗೆ ಹೋಗುವುದೋ ಎಂದು ತೀರ್ಮಾನಿಸಲಾಗದೆ ಕುಳಿತಿದ್ದಾರೆ. ಬಳ್ಳಾರಿಯ ಎಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬನಿಗೆ, ತನ್ನ ಬಡಾವಣೆಯ ಡಾನ್ಸ್ ಕ್ಲಾಸಿನ ಫಲಕದಲ್ಲಿರುವ ‘ಬಾಲ್‌ರೂಮ್’ ಎಂಬ ಮಾತನ್ನು ನೆಚ್ಚಿ ಶುಲ್ಕ ಕಟ್ಟಬಹುದೇ ಎಂಬ ಅನುಮಾನ.

ನಾನೂ ನನ್ನ ಮಡದಿಯೂ ಬಳ್ಳಾರಿಯಲ್ಲೇ ಇದ್ದುಕೊಂಡು ಈ ಹವ್ಯಾಸಕ್ಕೆ ಕೈಹಾಕಿದಾಗ ಮಾಡಿದ ದೊಡ್ಡ ತಪ್ಪು ಆಯ್ಕೆಯ ಕ್ರಮದ್ದು. ನೋಡಲು ಗತ್ತಾಗಿದೆಯೆಂದು ಟ್ಯಾಂಗೊವನ್ನು ಮೊದಲು ಆರಿಸಿದೆವು, ಅದನ್ನು ಕಲಿಸುವವರನ್ನು ಆಮೇಲೆ ಹುಡುಕಿದೆವು, ಅಭ್ಯಾಸಕ್ಕೆ ಜಾಗ ಎಲ್ಲಿದೆ ಎಂದು ಅದಾದ ಮೇಲೆ ಯೋಚಿಸಿದೆವು, ವಾರದಲ್ಲಿ ಯಾವ ಎರಡು ಗಂಟೆ ಇಬ್ಬರಿಗೂ ಒಟ್ಟಿಗೆ ಬಿಡುವಿದೆ ಎಂಬ ಪ್ರಶ್ನೆಯನ್ನಂತೂ ಶುಲ್ಕ ಕಟ್ಟಿ ಬಂದ ರಾತ್ರಿ ಕೇಳಿಕೊಂಡೆವು. ಈ ಸಾಲನ್ನು ತಲೆಕೆಳಗು ಮಾಡಿದರೆ ಸರಿಯಾದ ಕ್ರಮ ಸಿಗುತ್ತದೆ. ನಮ್ಮ ಮೂರು ಜಿಲ್ಲೆಗಳಲ್ಲಿ ಈ ಕಲಿಕೆಗೆ ನಿಜವಾಗಿ ಅಭಾವವಿರುವುದು ಹಣದ್ದಲ್ಲ, ವಿಡಿಯೊಗಳದ್ದಂತೂ ಅಲ್ಲವೇ ಅಲ್ಲ. ಬಿಡದೆ ಜೊತೆಗೆ ಬರುವ ಒಬ್ಬ ಮನುಷ್ಯನದ್ದು ಮತ್ತು ತಪ್ಪನ್ನು ಕಂಡು ತಿದ್ದುವ ಒಂದು ಜೊತೆ ಕಣ್ಣಿನದ್ದು. ಆದ್ದರಿಂದ ಕೆಳಗಿನ ಹೋಲಿಕೆಯಲ್ಲಿ ಇವೆರಡಕ್ಕೆ ನಾನು ಹೆಚ್ಚಿನ ತೂಕ ಕೊಟ್ಟಿದ್ದೇನೆ.

ಅಳೆಯುವ ಮುನ್ನ ಅಳತೆಗೋಲು

ಮೊದಲನೆಯದು ಜೊತೆ. ಬಾಲ್‌ರೂಮ್ ನೃತ್ಯದಲ್ಲಿ ಒಬ್ಬರು ನಡೆಸುತ್ತಾರೆ, ಇನ್ನೊಬ್ಬರು ಅನುಸರಿಸುತ್ತಾರೆ; ಮುಂದಿನ ಹೆಜ್ಜೆ ಯಾವುದೆಂಬುದು ಬಾಯಿಮಾತಿನಿಂದಲ್ಲ, ಎದೆ, ತೋಳು ಮತ್ತು ಅಂಗೈಗಳ ಒತ್ತಡದಿಂದ ತಿಳಿಯಬೇಕು. ಹೀಗಾಗಿ ವಾರಕ್ಕೆ ಎಷ್ಟು ಸಲ, ಎಷ್ಟು ಹೊತ್ತು, ಯಾರೊಂದಿಗೆ ಅಭ್ಯಾಸ ಸಾಧ್ಯ ಎಂಬುದು ಉಳಿದೆಲ್ಲವನ್ನೂ ನಿರ್ಧರಿಸುತ್ತದೆ. ಗಂಡ ಹೆಂಡತಿ ಇಬ್ಬರೂ ಮನಸ್ಸು ಮಾಡಿದರೆ ಅರ್ಧ ಗೆದ್ದಂತೆ. ಇಬ್ಬರಲ್ಲೊಬ್ಬರು ಒತ್ತಾಯಕ್ಕೆ ಬಂದಿದ್ದರೆ ಮೂರನೆಯ ವಾರಕ್ಕೆ ‘ಕಾಲು ನೋವು’ ಶುರುವಾಗುತ್ತದೆ. ಒಂಟಿಯಾಗಿ ಬರುವವರಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಅಪರಿಚಿತರ ಕೈಹಿಡಿದು ಹೆಜ್ಜೆ ಹಾಕಿದರೆ ಊರಿನ ಜನ ಏನೆಂದಾರು ಎಂಬ ಅಳುಕು ಇದ್ದೇ ಇರುತ್ತದೆ. ಅದನ್ನು ಹಳೆಯ ಕಾಲದ ಸಂಕೋಚವೆಂದು ತಳ್ಳಿಹಾಕದೆ, ಅದಕ್ಕೆ ಹೊಂದುವ ದಾರಿಯನ್ನೇ ಆರಿಸಿಕೊಳ್ಳುವುದು ವಿವೇಕ. ಇಬ್ಬರು ಗೆಳತಿಯರು ಜೋಡಿಯಾಗಿ ಕಲಿಯುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ ಟ್ಯಾಂಗೊ ಬೆಳೆಯುತ್ತಿದ್ದ ಕಾಲದಲ್ಲಿ ಗಂಡಸರು ಗಂಡಸರೊಂದಿಗೇ ಅಭ್ಯಾಸ ಮಾಡಿ ಪಳಗುತ್ತಿದ್ದರು.

ಎರಡನೆಯದು ನೆಲ. ಕುಣಿಯಲಾರದವಳು ನೆಲ ಡೊಂಕೆಂದಳಂತೆ ಎಂದು ನಾವು ನಗುತ್ತೇವೆ, ಆದರೆ ಈ ವಿಷಯದಲ್ಲಿ ಆಕೆಯ ಮಾತಿನಲ್ಲಿ ಅರ್ಧ ಸತ್ಯವಿದೆ. ಈ ನೃತ್ಯಗಳು ರೂಪುಗೊಂಡದ್ದು ನಯವಾದ ಮರದ ನೆಲದ ಮೇಲೆ. ನಮ್ಮ ಮನೆಗಳಲ್ಲಿರುವುದು ಶಹಾಬಾದ್ ಕಲ್ಲು, ಗ್ರಾನೈಟ್ ಅಥವಾ ಹೊಳೆಯುವ ವಿಟ್ರಿಫೈಡ್ ಟೈಲ್ಸ್. ಶಹಾಬಾದ್ ಕಲ್ಲು ಹಿಡಿದು ನಿಲ್ಲಿಸುತ್ತದೆ, ಟೈಲ್ಸ್ ಜಾರಿಸುತ್ತದೆ, ಮೂರಕ್ಕೆ ಮೂರೂ ಗಟ್ಟಿಯಾದ್ದರಿಂದ ಮೊಣಕಾಲಿಗೆ ಪೆಟ್ಟು ನೇರವಾಗಿ ತಾಗುತ್ತದೆ. ನೆಲದ ಗುಣದಷ್ಟೇ ಮುಖ್ಯವಾದುದು ಅದರ ವಿಸ್ತಾರ. ಬಾಲ್‌ರೂಮ್ ನೃತ್ಯಗಳಲ್ಲಿ ಕೆಲವು ಇಡೀ ಅಂಗಳವನ್ನು ಸುತ್ತಿಬರುತ್ತವೆ, ಕೆಲವು ನಿಂತಲ್ಲೇ ಅರಳುತ್ತವೆ. ಮೊದಲ ಬಗೆಯವಕ್ಕೆ ಒಂದು ಸಣ್ಣ ಕಲ್ಯಾಣ ಮಂಟಪವಾದರೂ ಬೇಕು. ಎರಡನೆಯ ಬಗೆಯವಕ್ಕೆ ಹತ್ತಡಿಗೆ ಹತ್ತಡಿಯ ಪಡಸಾಲೆ ಸಾಕು.

ಮೂರನೆಯದು ಉದ್ದೇಶ. ವ್ಯಾಯಾಮಕ್ಕೋ, ದಾಂಪತ್ಯದಲ್ಲಿ ಒಟ್ಟಿಗೆ ಕಳೆಯುವ ಒಂದು ಹೊತ್ತಿಗೋ, ಮಗಳ ಮದುವೆಯ ಸಂಗೀತ ಕಾರ್ಯಕ್ರಮದ ಐದು ನಿಮಿಷಕ್ಕೋ, ಸ್ಪರ್ಧೆಗೋ ಎಂಬುದನ್ನು ಮೊದಲೇ ಹೇಳಿಕೊಂಡಿರಬೇಕು, ಏಕೆಂದರೆ ಇವು ನಾಲ್ಕೂ ನಾಲ್ಕು ಬೇರೆ ದಾರಿಗಳು. ನಾಲ್ಕನೆಯದಾಗಿ ಹಣ ಮತ್ತು ಸಮಯ. ಇದರ ಲೆಕ್ಕವನ್ನು ಹಾಕುವ ರೀತಿಯೇ ಬೇರೆ ಇದೆ, ಮುಂದೆ ಹೇಳುತ್ತೇನೆ. ದೇಹದ ಸ್ಥಿತಿಯೂ ಗಮನದಲ್ಲಿರಲಿ: ಮೊಣಕಾಲು, ಸೊಂಟ, ತಲೆಸುತ್ತು, ಹೃದಯ ಇವುಗಳಲ್ಲಿ ಯಾವುದರ ತೊಂದರೆ ಇದ್ದರೂ ವೈದ್ಯರ ಮಾತು ಕೇಳಿಯೇ ಮುಂದುವರಿಯಬೇಕು. ನೃತ್ಯದಿಂದ ಮರೆವಿನ ರೋಗ ಬರುವುದಿಲ್ಲ ಎಂದು ಹೇಳುವವರಿದ್ದಾರೆ. 2003ರಲ್ಲಿ ಪ್ರಕಟವಾದ, 75 ವರ್ಷ ದಾಟಿದ 469 ಜನರನ್ನು ವರ್ಷಗಳ ಕಾಲ ಗಮನಿಸಿದ ಅಮೆರಿಕದ ಅಧ್ಯಯನದಲ್ಲಿ, ದೈಹಿಕ ಚಟುವಟಿಕೆಗಳ ಪೈಕಿ ನೃತ್ಯ ಮಾಡುತ್ತಿದ್ದವರಲ್ಲಿ ಮಾತ್ರ ಡಿಮೆನ್ಷಿಯಾದ ಸಂಭವ ಕಡಿಮೆ ಕಂಡಿತು ಎಂಬುದು ನಿಜ. ಆದರೆ ಅದು ಕಂಡದ್ದು ನಂಟನ್ನೇ ಹೊರತು ಕಾರಣವನ್ನಲ್ಲ; ಆರೋಗ್ಯವಾಗಿದ್ದವರೇ ಹೆಚ್ಚು ಕುಣಿದಿರಲೂಬಹುದು. ಔಷಧಿಯೆಂದು ಭಾವಿಸಿ ಕಲಿಯುವುದಕ್ಕಿಂತ ಸಂತೋಷಕ್ಕೆಂದು ಕಲಿಯುವುದು ಲೇಸು.

ಯಾವ ನೃತ್ಯ?

ಅಂತರರಾಷ್ಟ್ರೀಯ ಪದ್ಧತಿಯಲ್ಲಿ ಹತ್ತು ನೃತ್ಯಗಳಿವೆ. ವಾಲ್ಟ್ಸ್, ಟ್ಯಾಂಗೊ, ವಿಯೆನ್ನೀಸ್ ವಾಲ್ಟ್ಸ್, ಫಾಕ್ಸ್‌ಟ್ರಾಟ್, ಕ್ವಿಕ್‌ಸ್ಟೆಪ್ ಇವು ‘ಸ್ಟ್ಯಾಂಡರ್ಡ್’ ಗುಂಪಿನವು. ಸಾಂಬಾ, ಚಾ ಚಾ ಚಾ, ರುಂಬಾ, ಪಾಸೊ ಡೊಬ್ಲೆ, ಜೈವ್ ಇವು ‘ಲ್ಯಾಟಿನ್’ ಗುಂಪಿನವು. ಸಾಲ್ಸಾ ಮತ್ತು ಬಚಾಟಾ ಈ ಹತ್ತರಲ್ಲಿ ಸೇರುವುದಿಲ್ಲ. ಅವು ಸ್ನೇಹಕೂಟಗಳಲ್ಲಿ ಬೆಳೆದ ಜೋಡಿ ನೃತ್ಯಗಳು. ಆದರೂ ನಮ್ಮ ಕಡೆಯ ಫಲಕಗಳಲ್ಲಿ ಎಲ್ಲವೂ ‘ಬಾಲ್‌ರೂಮ್’ ಎಂಬ ಒಂದೇ ಚೀಲದಲ್ಲಿರುವುದರಿಂದ ಅವನ್ನೂ ಹೋಲಿಕೆಗೆ ತೆಗೆದುಕೊಂಡಿದ್ದೇನೆ.

ಮೊದಲ ನೃತ್ಯವಾಗಿ ವಾಲ್ಟ್ಸ್‌ನ ಪರವಾಗಿ ಹೇಳಬೇಕಾದದ್ದು ಬಹಳವಿದೆ. ಅದು ಮೂರು ಮಾತ್ರೆಗಳ, ಅಂದರೆ ಮೂರು ಎಣಿಕೆಗಳ, ನಡೆ. ತಬಲಾದ ದಾದ್ರಾ ತಾಳ ಕಿವಿಗೆ ಬಿದ್ದವರಿಗೆ, ಅದರ ಆರು ಮಾತ್ರೆಗಳನ್ನು ಮೂರು ಮೂರಾಗಿ ಎಣಿಸಿದರೆ ಇದರ ಲಯ ತಾನಾಗಿ ಹೊಳೆಯುತ್ತದೆ. ಭಜನೆಯಲ್ಲೋ ವಚನ ಗಾಯನದಲ್ಲೋ ತಾಳ ಹಾಕಿ ಬೆಳೆದ ನಮ್ಮ ಭಾಗದವರಿಗೆ ಇದು ಪರಕೀಯವಲ್ಲ. ನಿಮಿಷಕ್ಕೆ 28ರಿಂದ 30 ಆವರ್ತ, ಅಂದರೆ 84ರಿಂದ 90 ಮಾತ್ರೆ, ಇದರ ವೇಗ. ಈ ವೇಗದಲ್ಲಿ ಅರವತ್ತರ ವಯಸ್ಸಿನವರಿಗೂ ಮುಂದಿನ ಹೆಜ್ಜೆಯನ್ನು ಯೋಚಿಸುವಷ್ಟು ಸಮಯ ಸಿಗುತ್ತದೆ. ನೆಲದ ಮೇಲೆ ಚೌಕ ಬರೆದಂತೆ ಆರು ಹೆಜ್ಜೆ ಹಾಕುವ ಬಾಕ್ಸ್ ಸ್ಟೆಪ್ ಒಂದೇ ಸಂಜೆಯಲ್ಲಿ ಬರುತ್ತದೆ. ಇಬ್ಬರ ನಿಲುವು ಮತ್ತು ಹಿಡಿತವನ್ನು ವಾಲ್ಟ್ಸ್ ತಿದ್ದುವಷ್ಟು ಬೇರಾವ ನೃತ್ಯವೂ ತಿದ್ದುವುದಿಲ್ಲ.

ಇದಕ್ಕೆ ತೆರಬೇಕಾದ ಬೆಲೆ ಜಾಗ. ಚೌಕದಲ್ಲೇ ತಿರುಗುವವರೆಗೆ ಪಡಸಾಲೆ ಸಾಕಾದೀತು, ಅದನ್ನು ದಾಟಿದ ಮೇಲೆ ವಾಲ್ಟ್ಸ್ ಅಂಗಳ ಸುತ್ತುವ ನೃತ್ಯ. ಎಲ್ಲ ಜೋಡಿಗಳೂ ಗಡಿಯಾರದ ಮುಳ್ಳಿಗೆ ಎದುರಾಗಿ, ಅಂದರೆ ನಮ್ಮ ಪ್ರದಕ್ಷಿಣೆಗೆ ತದ್ವಿರುದ್ಧವಾಗಿ, ಸಾಗುತ್ತಾರೆ. (ಇದನ್ನು ಕಂಡ ನಮ್ಮ ಅತ್ತೆಯವರು ‘ಯಾಕ ಹಿಂಗ ಎಡಸುತ್ತು ಹಾಕತೀರಿ’ ಎಂದು ಆಕ್ಷೇಪಿಸಿದ್ದರು, ಅವರಿಗೆ ಇಂದಿಗೂ ಸಮಾಧಾನವಾಗಿಲ್ಲ.) ಪಾದ ಎತ್ತಿ ಇಳಿಸುವ ಏರಿಳಿತ ಈ ನೃತ್ಯದ ಜೀವಾಳವಾದ್ದರಿಂದ ಹಿಮ್ಮಡಿ ಅಥವಾ ಕಣಕಾಲಿನ ನೋವಿರುವವರಿಗೆ ಕಷ್ಟವೂ ಆಗುತ್ತದೆ.

ಜಾಗವಿಲ್ಲದವರ ಮಟ್ಟಿಗೆ ನನ್ನ ಆಯ್ಕೆ ರುಂಬಾ. ನಿಮಿಷಕ್ಕೆ 100ರಿಂದ 108 ಮಾತ್ರೆ, ನಾಲ್ಕರ ನಡೆ, ನಿಂತಲ್ಲೇ ನಡೆಯುವ ನೃತ್ಯ. ಕುರ್ಚಿ ಸರಿಸಿದ ಪಡಸಾಲೆಯಲ್ಲಿ ಆರು ತಿಂಗಳು ಕಲಿತರೂ ಗೋಡೆಗೆ ಡಿಕ್ಕಿಯಾಗುವುದಿಲ್ಲ. ಆದರೆ ಇಲ್ಲೊಂದು ಬಲೆ ಇದೆ, ವಿಡಿಯೊ ನೋಡಿ ಕಲಿಯುವವರು ಅದರಲ್ಲಿ ಬೀಳದೆ ಇರುವುದು ಅಪರೂಪ. ರುಂಬಾ ಎಂಬ ಹೆಸರಿನಲ್ಲಿ ಎರಡು ಬೇರೆ ಪದ್ಧತಿಗಳಿವೆ. ಅಮೆರಿಕನ್ ಪದ್ಧತಿಯಲ್ಲಿ ಅದು ‘ನಿಧಾನ, ಬೇಗ, ಬೇಗ’ ಎಂದು ಚೌಕ ಬರೆಯುತ್ತದೆ. ಅಂತರರಾಷ್ಟ್ರೀಯ ಪದ್ಧತಿಯಲ್ಲಿ ಎರಡು, ಮೂರು, ನಾಲ್ಕನೆಯ ಮಾತ್ರೆಗಳಿಗೆ ಹೆಜ್ಜೆ ಬಿದ್ದು, ಒಂದನೆಯ ಮಾತ್ರೆಯಲ್ಲಿ ಪಾದ ಚಲಿಸದೆ ಸೊಂಟ ಮಾತ್ರ ನೆಲೆಗೊಳ್ಳುತ್ತದೆ. ಸಮದ ಮೇಲೆ ಹೆಜ್ಜೆ ಹಾಕದಿರುವುದು ನಮ್ಮ ಕಿವಿಗೆ ಮೊದಮೊದಲು ಅಪಚಾರವೆನಿಸುತ್ತದೆ. ಇಂದು ಒಂದು ವಿಡಿಯೊ, ನಾಳೆ ಇನ್ನೊಂದು ನೋಡಿದ ಜೋಡಿಯಲ್ಲಿ ಗಂಡನದು ಅಮೆರಿಕ, ಹೆಂಡತಿಯದು (ಅಂತರರಾಷ್ಟ್ರೀಯ ಪದ್ಧತಿ ರೂಪುಗೊಂಡ) ಇಂಗ್ಲೆಂಡ್ ಆಗಿ, ತಪ್ಪು ಯಾರದೆಂಬ ಜಗಳ ಅಡುಗೆಮನೆಯವರೆಗೆ ಹೋಗುತ್ತದೆ. ಯಾವ ಪದ್ಧತಿ ಎಂಬುದನ್ನು ಮೊದಲ ದಿನವೇ ಗೊತ್ತುಮಾಡಿಕೊಂಡು ಅದಕ್ಕೇ ಅಂಟಿಕೊಳ್ಳಬೇಕು. ಹವ್ಯಾಸಕ್ಕೆ ಅಮೆರಿಕನ್ ಪದ್ಧತಿ ಬೇಗ ಕೈಗೆ ಹತ್ತುತ್ತದೆ. ಮುಂದೆ ಪರೀಕ್ಷೆ, ಸ್ಪರ್ಧೆಗಳ ಆಸೆಯಿದ್ದರೆ ಅಂತರರಾಷ್ಟ್ರೀಯ ಪದ್ಧತಿಯಿಂದಲೇ ಆರಂಭಿಸುವುದು ಮೇಲು, ಏಕೆಂದರೆ ಒಮ್ಮೆ ದೇಹಕ್ಕೆ ಅಂಟಿದ ಎಣಿಕೆಯನ್ನು ಬಿಡಿಸುವುದು ಹೊಸದನ್ನು ಕಲಿಸುವುದಕ್ಕಿಂತ ಕಷ್ಟ.

ಫಾಕ್ಸ್‌ಟ್ರಾಟ್‌ನಲ್ಲೂ ಇದೇ ಇಬ್ಬಂದಿತನವಿದೆ. ಸ್ನೇಹಕೂಟಗಳಲ್ಲಿ ಆಡುವ ಸರಳ ಫಾಕ್ಸ್‌ಟ್ರಾಟ್ ನಡಿಗೆಯಷ್ಟೇ ಸುಲಭ. ಅಂತರರಾಷ್ಟ್ರೀಯ ಸ್ಲೋ ಫಾಕ್ಸ್‌ಟ್ರಾಟ್ ಹತ್ತು ನೃತ್ಯಗಳಲ್ಲೇ ಅತ್ಯಂತ ಕಠಿಣವೆಂದು ನುರಿತವರೂ ಒಪ್ಪುತ್ತಾರೆ. ಹೆಸರನ್ನು ನೋಡಿ ಮೋಸಹೋಗಬಾರದು.

ಚಾ ಚಾ ಚಾ 1950ರ ದಶಕದ ಆರಂಭದಲ್ಲಿ ಕ್ಯೂಬಾದ ಎನ್ರಿಕೆ ಹೊರ್ರಿನ್ ಅವರ ಸಂಗೀತದಿಂದ ಮೂಡಿದ್ದು. ನಿಮಿಷಕ್ಕೆ 120ರಿಂದ 128 ಮಾತ್ರೆಗಳ ಚುರುಕು ನಡೆ. ಕೋಲಾಟ ಆಡಿದವರಿಗೆ ಅಥವಾ ಮುದಗಲ್ಲಿನಂಥ ಊರುಗಳಲ್ಲಿ ಮೊಹರಂ ಸಮಯಕ್ಕೆ ಅಲಾಯಿ ಹೆಜ್ಜೆ ಹಾಕಿ ಬೆಳೆದವರಿಗೆ ಇದರ ‘ನಾಲ್ಕು-ಮತ್ತು-ಒಂದು’ ಎಂಬ ತುರ್ತು ಹೆಜ್ಜೆ ಬೇಗ ಒಗ್ಗುತ್ತದೆ, ಇದನ್ನು ನಾನು ನಮ್ಮ ಗುಂಪಿನಲ್ಲೇ ನೋಡಿದ್ದೇನೆ. ಯುವಕರಿಗೆ, ವ್ಯಾಯಾಮ ಬಯಸುವವರಿಗೆ, ಚಿಕ್ಕ ಮನೆಯವರಿಗೆ ಇದು ಹೇಳಿ ಮಾಡಿಸಿದ್ದು. ಜೈವ್ ಇದಕ್ಕಿಂತ ಮೋಜಿನದು, ಆದರೆ ನಿಮಿಷಕ್ಕೆ 170ರ ಆಸುಪಾಸಿನ ಮಾತ್ರೆಗಳಲ್ಲಿ ನೆಗೆಯುತ್ತಲೇ ಇರಬೇಕು; ಬಿಸಿಲು 40 ಡಿಗ್ರಿ ದಾಟುವ ರಾಯಚೂರಿನ ಏಪ್ರಿಲ್-ಮೇ ತಿಂಗಳಲ್ಲಿ, ಅದೂ ಕಲ್ಲಿನ ನೆಲದ ಮೇಲೆ, ಮೊಣಕಾಲಿನ ಮೇಲೆ ಕರುಣೆಯಿರುವವರು ಇದನ್ನು ಮೊದಲ ನೃತ್ಯವಾಗಿ ಆರಿಸಬಾರದು.

ಸಾಲ್ಸಾ ಮತ್ತು ಬಚಾಟಾದ ಬಲವಿರುವುದು ಬೇರೆಡೆ. ಬೆಂಗಳೂರು, ಹೈದರಾಬಾದ್‌ಗಳಲ್ಲಿ ಸ್ನೇಹಕೂಟದ ನೃತ್ಯವೆಂದರೆ ಹೆಚ್ಚಾಗಿ ಇವೇ. ಹೋದ ಊರಿನಲ್ಲಿ ಜೊತೆಗಾರರು ಸಿಗಬೇಕೆನ್ನುವವರಿಗೆ ವಾಲ್ಟ್ಸ್‌ಗಿಂತ ಇವು ಹೆಚ್ಚು ಉಪಯೋಗಕ್ಕೆ ಬರುತ್ತವೆ. ಬಚಾಟಾದ ಮೂಲ ನಡೆ, ಅಂದರೆ ಪಕ್ಕಕ್ಕೆ ಮೂರು ಹೆಜ್ಜೆ ಮತ್ತು ನಾಲ್ಕಕ್ಕೆ ಒಂದು ತಟ್ಟು, ಹದಿನೈದು ನಿಮಿಷದಲ್ಲಿ ಬರುತ್ತದೆ. ಆದರೆ ಅದರ ಹಿಡಿತ ಬಹಳ ನಿಕಟವಾದುದು. ಅಪರಿಚಿತರೊಂದಿಗೆ ಕಲಿಯಲು ಹಿಂಜರಿಯುವವರಿಗೆ ಸಾಲ್ಸಾ ಉತ್ತಮ, ಅಲ್ಲಿ ಕೈಗಳಷ್ಟೇ ಹಿಡಿದು ತೋಳಿನ ದೂರದಲ್ಲಿ ಆಡಬಹುದು.

ಟ್ಯಾಂಗೊ ನಮ್ಮನ್ನು ಸೋಲಿಸಿದ್ದರಿಂದ ಅದರ ಬಗ್ಗೆ ನಾನು ನಿಷ್ಪಕ್ಷಪಾತಿಯಲ್ಲ. ಅದಕ್ಕೆ ಏರಿಳಿತವಿಲ್ಲ, ಮೊಣಕಾಲು ಉದ್ದಕ್ಕೂ ಬಾಗಿಯೇ ಇರಬೇಕು, ಹಿಡಿತ ಬಿಗಿ. ಎರಡನೆಯ ಅಥವಾ ಮೂರನೆಯ ನೃತ್ಯವಾಗಿ ಕಲಿತರೆ ಚೆನ್ನ. ವಿಯೆನ್ನೀಸ್ ವಾಲ್ಟ್ಸ್, ಕ್ವಿಕ್‌ಸ್ಟೆಪ್, ಸಾಂಬಾ, ಪಾಸೊ ಡೊಬ್ಲೆಗಳನ್ನು ಮೊದಲ ವರ್ಷ ಮರೆತುಬಿಡಬಹುದು.

ಎಲ್ಲಿ, ಯಾರಲ್ಲಿ?

ಊರಿನ ಡಾನ್ಸ್ ಕ್ಲಾಸುಗಳಿಂದ ಆರಂಭಿಸೋಣ. ನಮ್ಮ ಮೂರೂ ಜಿಲ್ಲಾ ಕೇಂದ್ರಗಳಲ್ಲಿ ಇಂಥವುಗಳ ಮುಖ್ಯ ಕೆಲಸ ಸಿನಿಮಾ ಹಾಡುಗಳ ನೃತ್ಯ, ಜುಂಬಾ, ಶಾಲಾ ವಾರ್ಷಿಕೋತ್ಸವ ಮತ್ತು ಮದುವೆಯ ಸಂಗೀತ ಕಾರ್ಯಕ್ರಮ. ಅದರಲ್ಲಿ ತಪ್ಪೇನಿಲ್ಲ. ಆದರೆ ಕೊರಿಯಾಗ್ರಫಿ ಕಲಿಸುವುದೂ ಜೋಡಿ ನೃತ್ಯ ಕಲಿಸುವುದೂ ಎರಡು ಬೇರೆ ವಿದ್ಯೆಗಳು. ಒಂದು ಹಾಡಿಗೆ ಮೊದಲೇ ಜೋಡಿಸಿಟ್ಟ ಹೆಜ್ಜೆಗಳನ್ನು ಇಬ್ಬರಿಗೂ ಬಾಯಿಪಾಠ ಮಾಡಿಸಿದರೆ ಅವರು ಆ ಹಾಡಿಗೆ ಮಾತ್ರ ಕುಣಿಯಬಲ್ಲರು. ಹಾಡು ಬದಲಾದರೆ ನಿಂತುಬಿಡುತ್ತಾರೆ. ನಡೆಸುವುದನ್ನೂ ಅನುಸರಿಸುವುದನ್ನೂ ಕಲಿತ ಜೋಡಿ, ತಾಳ ಹೊಂದುವ ಯಾವ ಹಾಡಿಗಾದರೂ ಆಗಿಂದಾಗ ಹೆಜ್ಜೆ ಕಟ್ಟಬಲ್ಲದು. ನಿಮಗೆ ಬೇಕಾದದ್ದು ಮಗಳ ಮದುವೆಯ ಐದು ನಿಮಿಷವಾದರೆ ಊರಿನ ಕ್ಲಾಸೇ ಎಲ್ಲಕ್ಕಿಂತ ಅಗ್ಗದ, ಎಲ್ಲಕ್ಕಿಂತ ಯೋಗ್ಯ ಆಯ್ಕೆ. ಅದಕ್ಕಿಂತ ಹೆಚ್ಚಿನದು ಬೇಕಾದರೆ ಶುಲ್ಕ ಕಟ್ಟುವ ಮುನ್ನ ಶಿಕ್ಷಕರಲ್ಲಿ ಮೂರು ಸಂಗತಿಗಳನ್ನು ವಿನಯದಿಂದ ಕೇಳಿ ನೋಡಬೇಕು. ನೀವು ಹಿಂದೆಂದೂ ಕೇಳಿರದ ಹಾಡೊಂದನ್ನು ಹಾಕಿ, ‘ಇದಕ್ಕೆ ಯಾವ ನೃತ್ಯ ಹೊಂದುತ್ತದೆ, ಸಮ ಎಲ್ಲಿದೆ?’ ಎಂದು ಕೇಳಿ. ಬಾಯಲ್ಲಿ ಏನೂ ಹೇಳದೆ ನಿಮ್ಮನ್ನೋ ನಿಮ್ಮ ಮನೆಯವರನ್ನೋ ಒಂದು ಸುತ್ತು ನಡೆಸಿ ತೋರಿಸಲು ಕೇಳಿ. ಅನುಸರಿಸುವವರ ಹೆಜ್ಜೆಗಳನ್ನೂ ಅವರೇ ಆಡಿ ತೋರಿಸಬಲ್ಲರೇ ಎಂದು ನೋಡಿ. ಮೂರನ್ನೂ ಮಾಡಿದವರು ಪ್ರಮಾಣಪತ್ರವಿಲ್ಲದಿದ್ದರೂ ಗುರುವೇ ಸರಿ. ಹಿಂದೊಮ್ಮೆ ನಾವು ಈ ಪರೀಕ್ಷೆ ಮಾಡದೆ ಮೂರು ತಿಂಗಳ ಶುಲ್ಕವನ್ನು ಒಟ್ಟಿಗೆ ಕಟ್ಟಿ, ಒಂದೇ ಹಾಡಿನ ಟ್ಯಾಂಗೊ ಕಲಿತು ಮನೆಗೆ ಬಂದಿದ್ದೆವು.

ಗುಂಪಿನ ತರಗತಿಯೋ ಖಾಸಗಿ ಪಾಠವೋ ಎಂಬ ಪ್ರಶ್ನೆಯನ್ನು ಬರೀ ಶುಲ್ಕ ನೋಡಿ ತೀರ್ಮಾನಿಸಬಾರದು. ತಿದ್ದುವ ಕಣ್ಣು ನಿಮ್ಮ ಮೇಲೆ ಎಷ್ಟು ನಿಮಿಷ ಬೀಳುತ್ತದೆ ಎಂದು ಲೆಕ್ಕ ಹಾಕಬೇಕು. ಒಂದು ಗಂಟೆಯ ತರಗತಿಯಲ್ಲಿ ಹತ್ತು ಜೋಡಿಗಳಿವೆ ಎನ್ನಿ. ಎಲ್ಲರಿಗೂ ಒಟ್ಟಾಗಿ ತೋರಿಸಲು ಇಪ್ಪತ್ತು ನಿಮಿಷ ಹೋದರೆ ಉಳಿದ ನಲವತ್ತರಲ್ಲಿ ಪ್ರತಿ ಜೋಡಿಯ ಪಾಲು ನಾಲ್ಕು ನಿಮಿಷ. ತಿಂಗಳಿಗೆ ಎಂಟು ತರಗತಿಯೆಂದರೆ 32 ನಿಮಿಷ. ಮುಕ್ಕಾಲು ಗಂಟೆಯ ಒಂದು ಖಾಸಗಿ ಪಾಠ ಅದಕ್ಕಿಂತ ಹೆಚ್ಚು ತಿದ್ದುಪಡಿ ಕೊಡುತ್ತದೆ. ಆದ್ದರಿಂದ ಒಂದು ಖಾಸಗಿ ಪಾಠದ ಶುಲ್ಕ ಗುಂಪಿನ ಒಂದು ತಿಂಗಳ ಶುಲ್ಕಕ್ಕೆ ಸಮನಾಗಿದ್ದರೂ ಅದು ದುಬಾರಿಯಲ್ಲ. ಆದರೂ ಗುಂಪಿನಲ್ಲಿ ಮಾತ್ರ ಸಿಗುವ ಲಾಭವೊಂದಿದೆ: ಜೊತೆ ಬದಲಾಯಿಸಿ ಆಡುವಾಗ, ನೀವು ನಡೆಸಿದ್ದು ಇನ್ನೊಬ್ಬರಿಗೂ ಅರ್ಥವಾಗುತ್ತಿದೆಯೇ, ಅಥವಾ ನಿಮ್ಮ ಮಡದಿ ಬರೀ ರೂಢಿಯಿಂದ ಊಹಿಸುತ್ತಿದ್ದರೇ ಎಂಬುದು ಬಯಲಾಗುತ್ತದೆ. ಜೊತೆ ಬದಲಾಯಿಸುವುದು ಕಡ್ಡಾಯವೇ ಎಂದು ಮೊದಲೇ ವಿಚಾರಿಸಿಕೊಳ್ಳಿ. ಬೇಡವೆಂದರೆ ಒಪ್ಪುವ ಶಿಕ್ಷಕರೂ ಇರುತ್ತಾರೆ.

ಎರಡನೆಯ ದಾರಿ ದೊಡ್ಡ ಊರಿಗೆ ಹೋಗಿ ಬರುವುದು. ಬಳ್ಳಾರಿಯಿಂದ ಬೆಂಗಳೂರು 300 ಕಿ.ಮೀ. ಆಸುಪಾಸು, ಹಂಪಿ ಎಕ್ಸ್‌ಪ್ರೆಸ್ ಕೊಪ್ಪಳವನ್ನೂ ಬಳ್ಳಾರಿಯನ್ನೂ ಹಾದು ರಾತ್ರಿಯಿಡೀ ಓಡಿ ಬೆಳಗಿನ ಹೊತ್ತಿಗೆ ಬೆಂಗಳೂರು ಮುಟ್ಟಿಸುವುದರಿಂದ ಈ ಎರಡು ಊರಿನವರು ಶುಕ್ರವಾರ ರಾತ್ರಿ ಹತ್ತಿ, ಶನಿವಾರ ಮತ್ತು ಭಾನುವಾರ ಪಾಠ ಮುಗಿಸಿ, ಸೋಮವಾರ ಕೆಲಸಕ್ಕೆ ಮರಳಬಹುದು. ರಾಯಚೂರಿನವರಿಗೆ ಹೈದರಾಬಾದ್ ಹತ್ತಿರ, ರಸ್ತೆಯಲ್ಲಿ 200 ಕಿ.ಮೀ. ಚಿಲ್ಲರೆ; ತೆಲುಗು, ಉರ್ದು ಎರಡೂ ನಮ್ಮ ಕಡೆಯವರ ಬಾಯಲ್ಲಿ ಓಡಾಡುವ ಭಾಷೆಗಳಾದ್ದರಿಂದ ಪಾಠ ಅರ್ಥವಾಗದೆಂಬ ಭಯವಿಲ್ಲ. ಇಂಥ ನಗರಗಳಲ್ಲಿ, 1904ರಲ್ಲಿ ಲಂಡನ್ನಿನಲ್ಲಿ ಸ್ಥಾಪನೆಯಾದ ಇಂಪೀರಿಯಲ್ ಸೊಸೈಟಿ ಆಫ್ ಟೀಚರ್ಸ್ ಆಫ್ ಡಾನ್ಸಿಂಗ್‌ನಂಥ ಸಂಸ್ಥೆಗಳ ಪಠ್ಯಕ್ರಮ ಓದಿದ ಶಿಕ್ಷಕರನ್ನು ಹುಡುಕಬಹುದು. ಇಂಥ ಪಠ್ಯಕ್ರಮದಲ್ಲಿ ಪ್ರತಿ ಹೆಜ್ಜೆಗೂ ಪಾದದ ದಿಕ್ಕು, ತಿರುವಿನ ಪ್ರಮಾಣ, ಹಿಮ್ಮಡಿಯೋ ಮುಂಗಾಲೋ ಎಂಬುದೆಲ್ಲ ಬರೆದಿಟ್ಟಿರುವುದರಿಂದ, ಒಬ್ಬರಲ್ಲಿ ಕಲಿತು ಇನ್ನೊಬ್ಬರಲ್ಲಿ ಮುಂದುವರಿಸಿದರೂ ಗೊಂದಲವಾಗದು.

ಈ ದಾರಿಯ ಖರ್ಚಿನಲ್ಲಿ ಪಾಠದ ಶುಲ್ಕಕ್ಕಿಂತ ಇಬ್ಬರ ಪ್ರಯಾಣ, ವಸತಿ, ಊಟವೇ ಹೆಚ್ಚು. ಅದಕ್ಕಾಗಿ ತಿಂಗಳಿಗೊಮ್ಮೆ ಹೋಗಿ ಒಂದೇ ಪಾಠಕ್ಕೆ ತೃಪ್ತಿಪಡುವುದಕ್ಕಿಂತ ಎರಡು ತಿಂಗಳಿಗೊಮ್ಮೆ ಹೋಗಿ ಎರಡು ದಿನಗಳಲ್ಲಿ ನಾಲ್ಕು ಪಾಠ ತೆಗೆದುಕೊಳ್ಳುವುದು ಲಾಭ. ಕಡೆಯ ಪಾಠದ ಕೊನೆಯಲ್ಲಿ, ಶಿಕ್ಷಕರ ಒಪ್ಪಿಗೆ ಪಡೆದು, ಅವರು ನಿಮ್ಮೊಂದಿಗೆ ಆಡುವುದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿಕೊಳ್ಳಿ. ರೈಲು ಇಳಿಯುವಷ್ಟರಲ್ಲಿ ಅರ್ಧ ಮರೆತಿರುತ್ತದೆ.

ಮೂರನೆಯದು ವಿಡಿಯೊ. ಇದರ ಬೆಲೆ ಬಹುತೇಕ ಸೊನ್ನೆ, ಆದ್ದರಿಂದಲೇ ಎಲ್ಲರೂ ಇಲ್ಲಿಂದ ಆರಂಭಿಸುತ್ತಾರೆ. ಪಾದ ಎಲ್ಲಿ ಬೀಳಬೇಕೆಂದು ವಿಡಿಯೊ ಚೆನ್ನಾಗಿ ತೋರಿಸುತ್ತದೆ. ಕಳೆದ ಶತಮಾನದ ಆರಂಭದಲ್ಲಿ ಅಮೆರಿಕದ ಆರ್ಥರ್ ಮರ್ರೆ ಕಾಗದದ ಮೇಲೆ ಪಾದದ ಗುರುತು ಅಚ್ಚುಹಾಕಿಸಿ ಅಂಚೆಯ ಮೂಲಕ ನೃತ್ಯಪಾಠ ಮಾರಿದ್ದರು. ಇಂದಿನ ವಿಡಿಯೊ ಅದೇ ಅಂಚೆಪಾಠದ ಮೊಮ್ಮಗು. ಪಾದದ ಗುರುತು ಕಾಗದದಲ್ಲಿ ಬಂತು, ವಿಡಿಯೊದಲ್ಲೂ ಬರುತ್ತದೆ. ಜೊತೆಗಾರರ ಅಂಗೈಯ ಒತ್ತಡ ಎರಡರಲ್ಲೂ ಬರುವುದಿಲ್ಲ. ನಿಮ್ಮ ಭುಜ ಮೇಲೆದ್ದಿದೆ, ತಲೆ ಕೆಳಗೆ ಪಾದಗಳನ್ನು ನೋಡುತ್ತಿದೆ, ಮಡದಿಯ ತೋಳನ್ನು ಬಾವಿಯ ಹಗ್ಗದಂತೆ ಎಳೆಯುತ್ತಿದ್ದೀರಿ ಎಂದು ವಿಡಿಯೊ ಹೇಳುವುದಿಲ್ಲ. ಹೇಳುವವರಿಲ್ಲದೆ ಆರು ತಿಂಗಳು ಮಾಡಿದ ತಪ್ಪು ಅಷ್ಟು ಹೊತ್ತಿಗೆ ಸ್ವಭಾವವಾಗಿರುತ್ತದೆ. ವಿಡಿಯೊ ಕರೆಯ ಮೂಲಕ ನೇರ ಪಾಠ ಕೊಡುವ ಶಿಕ್ಷಕರಿದ್ದಾರೆ. ಇದು ನಡುವಿನ ದಾರಿ, ಅರ್ಧ ತಿದ್ದುಪಡಿಯಾದರೂ ಸಿಗುತ್ತದೆ. ಫೋನನ್ನು ಸೊಂಟದ ಎತ್ತರದಲ್ಲಿ, ತಲೆಯಿಂದ ಪಾದದವರೆಗೆ ಇಬ್ಬರೂ ಕಾಣುವಷ್ಟು ದೂರದಲ್ಲಿ ನಿಲ್ಲಿಸುವುದನ್ನು ಮಾತ್ರ ಮರೆಯಬಾರದು.

ನಾಲ್ಕನೆಯ ದಾರಿಯ ಕಡೆಗೆ ನನ್ನ ಒಲವು ಹೆಚ್ಚು, ಮುಚ್ಚಿಡುವುದಿಲ್ಲ. ಐದಾರು ಜೋಡಿ ಸೇರಿ, ನಮ್ಮ ಕಡೆ ಜಾತ್ರೆಗೆ ಹಾಕುವಂತೆ ಪಟ್ಟಿ (ವಂತಿಗೆ) ಹಾಕಿ, ದೊಡ್ಡ ಊರಿನ ಶಿಕ್ಷಕರನ್ನು ಎರಡು ದಿನಕ್ಕೆ ಇಲ್ಲಿಗೇ ಕರೆಸುವುದು. ಹನ್ನೆರಡು ಜನ ಪ್ರಯಾಣ ಮಾಡುವ ಬದಲು ಒಬ್ಬರು ಪ್ರಯಾಣ ಮಾಡುತ್ತಾರೆ, ಮದುವೆಯ ಮುಹೂರ್ತವಿಲ್ಲದ ಆಷಾಢದಲ್ಲಿ ಸಣ್ಣ ಮಂಟಪ ಕಡಿಮೆ ಬಾಡಿಗೆಗೆ ಸಿಗುತ್ತದೆ, ನೆಲವೂ ವಿಶಾಲ. ಪರಿಚಯದ ಮನೆಗಳೇ ಸೇರಿರುವುದರಿಂದ ಹೆಣ್ಣುಮಕ್ಕಳಿಗೂ ಹಿರಿಯರಿಗೂ ಮುಜುಗರವಿಲ್ಲ. ಶಿಕ್ಷಕರು ಹೊರಟ ಮೇಲೆ ವಾರಕ್ಕೊಮ್ಮೆ ಸೇರಿ ಒಬ್ಬರನ್ನೊಬ್ಬರು ತಿದ್ದುವ ಗುಂಪು ಉಳಿಯುತ್ತದೆ, ಅದೇ ಇದರ ದೊಡ್ಡ ಗಳಿಕೆ. ತೊಡಕೆಂದರೆ ಮುಂದೆ ನಿಂತು ಓಡಾಡುವವರು ಒಬ್ಬರು ಬೇಕು, ಮತ್ತು ಬರುತ್ತೇನೆಂದವರಲ್ಲಿ ಇಬ್ಬರು ಕಡೆಯ ದಿನ ಕೈಕೊಡುತ್ತಾರೆ. ಪಟ್ಟಿಯ ಹಣವನ್ನು ಮುಂಗಡವಾಗಿಯೇ ಪಡೆಯಬೇಕೆಂಬುದನ್ನು ನಾನು ಸ್ವಂತ ಜೇಬಿನಿಂದ ಕಲಿತಿದ್ದೇನೆ.

ಮೂವರಿಗೆ ಮೂರು ಉತ್ತರ

ರಾಯಚೂರಿನ ದಂಪತಿಗಳಿಗೆ ಜೊತೆಯೂ ಇದೆ, ಸಮಯವೂ ಇದೆ, ಆತುರವಿಲ್ಲ. ಅವರು ವಾಲ್ಟ್ಸ್‌ನಿಂದಲೇ ಆರಂಭಿಸಲಿ, ಎರಡನೆಯದಾಗಿ ಅಮೆರಿಕನ್ ಪದ್ಧತಿಯ ರುಂಬಾವನ್ನು ಸೇರಿಸಿಕೊಳ್ಳಲಿ. ಸಾಲ್ಸಾದ ವೇಗ ಮತ್ತು ಸುತ್ತುಗಳು ಅವರ ಮೊಣಕಾಲುಗಳಿಗೆ ಈಗಲೇ ಬೇಡ. ಎರಡು ತಿಂಗಳಿಗೊಮ್ಮೆ ಹೈದರಾಬಾದಿನಲ್ಲಿ ಖಾಸಗಿ ಪಾಠ, ನಡುವೆ ಮನೆಯಲ್ಲಿ ವಾರಕ್ಕೆ ಮೂರು ದಿನ ಅರ್ಧರ್ಧ ಗಂಟೆ; ಬೇಸಿಗೆಯಲ್ಲಿ ಬೆಳಗಿನ ಆರರ ಒಳಗೆ. ಅಷ್ಟು ಖರ್ಚು ಬೇಡವೆನ್ನುವುದಾದರೆ ವಿಡಿಯೊ ಕರೆಯ ಪಾಠ ತಿಂಗಳಿಗೆರಡು ಸಾಕು.

ಕೊಪ್ಪಳದ ಸೋದರಿ ಬೆಂಗಳೂರಿನ ಟಿಕೆಟ್ ತೆಗೆಸುವ ಮೊದಲು ಒಬ್ಬ ಗೆಳತಿಯನ್ನು ಒಪ್ಪಿಸಲಿ. ಇಬ್ಬರೂ ಚಾ ಚಾ ಚಾ ಮತ್ತು ಸಾಲ್ಸಾದ ಮೂಲ ಹೆಜ್ಜೆಗಳನ್ನು ವಿಡಿಯೊದಿಂದ ಒಂದು ತಿಂಗಳು ಒಬ್ಬಂಟಿಯಾಗಿ ಕಲಿಯಬಹುದು, ಏಕೆಂದರೆ ಇಂಥ ನೃತ್ಯಗಳ ಪಾದ ಮತ್ತು ಸೊಂಟದ ಕೆಲಸದ ದೊಡ್ಡ ಪಾಲು ಜೊತೆಯಿಲ್ಲದೆಯೂ ಸಾಧ್ಯ. ಆಮೇಲೆ ವಾರಕ್ಕೊಬ್ಬರಂತೆ ನಡೆಸುವ ಪಾತ್ರ ಬದಲಾಯಿಸಿಕೊಂಡು ಅಭ್ಯಾಸ ಮಾಡಲಿ. ಎರಡೂ ಪಾತ್ರ ಬಲ್ಲವರಿಗೆ ಮುಂದೆ ಯಾವ ಊರಿನ ಕೂಟದಲ್ಲೂ ಜೊತೆಯ ಕೊರತೆ ಬಾರದು. ಈ ಹಂತ ದಾಟಿದ ಮೇಲೆ ಬೆಂಗಳೂರಿನ ಒಂದು ವಾರಾಂತ್ಯ ಹತ್ತು ಪಟ್ಟು ಬೆಲೆಬಾಳುತ್ತದೆ.

ಬಳ್ಳಾರಿಯ ವಿದ್ಯಾರ್ಥಿ ಮೇಲೆ ಹೇಳಿದ ಮೂರು ಪ್ರಶ್ನೆಗಳ ಪರೀಕ್ಷೆಯನ್ನು ತನ್ನ ಬಡಾವಣೆಯ ಕ್ಲಾಸಿನಲ್ಲಿ ಮಾಡಿ, ಗೆದ್ದರೆ ಒಂದೇ ತಿಂಗಳ ಶುಲ್ಕ ಕಟ್ಟಲಿ. ಆತನಿಗೆ ಸ್ಪರ್ಧೆಯ ಕನಸೂ ಇದೆ. ನೃತ್ಯಕ್ರೀಡೆಯ ಅಂತರರಾಷ್ಟ್ರೀಯ ಒಕ್ಕೂಟಕ್ಕೆ 1997ರಲ್ಲಿ ಒಲಿಂಪಿಕ್ ಸಮಿತಿಯ ಮಾನ್ಯತೆ ಸಿಕ್ಕಿದೆ, 2010ರ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಈ ನೃತ್ಯಗಳಿಗೆ ಪದಕಗಳಿದ್ದವು, ಅದೆಲ್ಲ ಸರಿ; ಆದರೆ ಸ್ಪರ್ಧೆಗೆ ಬೇಕಾದದ್ದು ಸ್ಥಿರವಾದ ಜೊತೆಗಾರ್ತಿ ಮತ್ತು ವಾರಕ್ಕೆ ಹಲವು ದಿನಗಳ ಕಣ್ಗಾವಲಿನ ಅಭ್ಯಾಸ. ಇದು ಬಳ್ಳಾರಿಯಲ್ಲಿದ್ದು ಆಗುವ ಕೆಲಸವಲ್ಲ, ಓದು ಮುಗಿಸಿ ಬೆಂಗಳೂರು ಸೇರಿದ ಮೇಲಿನ ಮಾತು. ಅಲ್ಲಿಯವರೆಗೆ ಅಂತರರಾಷ್ಟ್ರೀಯ ಪದ್ಧತಿಯ ಚಾ ಚಾ ಚಾ ಮತ್ತು ರುಂಬಾದ ಮೂಲ ಹೆಜ್ಜೆಗಳನ್ನು ಸರಿಯಾದ ಎಣಿಕೆಯಲ್ಲಿ ಗಟ್ಟಿಮಾಡಿಕೊಂಡರೆ ಕಾಲ ವ್ಯರ್ಥವಾಗದು.

ಮೂವರೂ ಕೇಳಿದ್ದ ಬೂಟಿನ ವಿಷಯ ಒಂದು ಬಾಕಿ ಇದೆ. ಕ್ರೀಡಾ ಬೂಟಿನ ರಬ್ಬರ್ ಅಟ್ಟೆ ನೆಲವನ್ನು ಕಚ್ಚಿ ಹಿಡಿಯುತ್ತದೆ. ಮೈ ತಿರುಗಿ ಪಾದ ತಿರುಗದಿದ್ದರೆ ಆ ತಿರುಚು ಮೊಣಕಾಲಿಗೆ ಹೋಗುತ್ತದೆ. ನೃತ್ಯದ ಬೂಟುಗಳ ಅಟ್ಟೆಗೆ ನವಿರು ಜುಂಗಿನ ಸ್ವೇಡ್ ಚರ್ಮವಿರುವುದು ಅದಕ್ಕೇ: ಬೇಕಾದಷ್ಟು ಜಾರಿ, ಬೇಕಾದಲ್ಲಿ ನಿಲ್ಲುತ್ತದೆ. ಮೊದಲ ಎರಡು ಮೂರು ತಿಂಗಳಿಗೆ ಹೊಸ ಬೂಟು ಬೇಡ. ಪಾದಕ್ಕೆ ಬಿಗಿಯಾಗಿ ಕೂರುವ ಹಳೆಯ ಬೂಟಿನ ಅಟ್ಟೆಗೆ ಸ್ವೇಡ್ ತುಂಡೊಂದನ್ನು ಚಪ್ಪಲಿ ಹೊಲಿಯುವವರಿಂದ ಅಂಟಿಸಿಕೊಂಡರೆ ಸಾಕು. ನಾನು ಇನ್ನೂ ಅಂಥದ್ದನ್ನೇ ಹಾಕುತ್ತಿದ್ದೇನೆ. ಅದನ್ನು ತೊಟ್ಟು ಬೀದಿಗೆ ಇಳಿಯಬಾರದು, ಒದ್ದೆ ನೆಲ ತುಳಿಯಬಾರದು, ಮತ್ತು ನಮ್ಮ ಊರುಗಳ ಧೂಳಿಗೆ ಜುಂಗು ಬೇಗ ಮಟ್ಟಸವಾಗಿ ಜಾರತೊಡಗುವುದರಿಂದ ವಾರಕ್ಕೊಮ್ಮೆ ತಂತಿಯ ಬ್ರಷ್ಷಿನಿಂದ ಒಂದೇ ದಿಕ್ಕಿಗೆ ಉಜ್ಜಬೇಕು.